ಹಳೆಯ ಸಾಮಾನೂ ಇತಿಹಾಸವೇ
(ಝಳಕಿಯಲ್ಲಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಿ ಬಾಂಧವರ ಮುಂದೆ ಮಾಡಿದ ಭಾಷಣ)



ಇಂದು ನಾವು ಕೂಲಿಯ ದರದ ಬಗೆಗಾಗಲಿ ಜೋಳದ ಧಾರಣೆಯ ಬಗೆಗಾಗಲಿ ಮಾತಾಡಲು ಬಂದಿಲ್ಲ. ಆ ಮಾತು ಇದ್ದೇ ಇದೆ, ನಾಳೆಯೂ ಆಡೋಣ. ಇಂದಿನ ಮಾತು ನಿಮ್ಮ ಅಟ್ಟದ ಮೇಲೆ, ದನದ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಸಾಮಾನಿನದು. ಯಾರೂ ನಗಬೇಡಿರಿ. ಈ ಸಾಮಾನು ಹೋಯಿತೆಂದರೆ ದುಡಿದವರು ಬದುಕಿದ್ದರು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ಝಳಕಿಯು ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಮೇಲಿನ ಊರು. ಇದೇ ದಾರಿಯಿಂದ ನಮ್ಮ ಭಾಗದ ಜನ ಸೊಲ್ಲಾಪುರದ ಗಿರಣಿಗಳಿಗೆ ದುಡಿಯಲು ಹೋದರು. ಇದೇ ದಾರಿಯಿಂದ ನಮ್ಮ ಮನೆಗಳ ತಾಮ್ರ, ಹಿತ್ತಾಳೆ ಚೀಲಗಟ್ಟಲೆ ಹೊರಗೆ ಹೋಗುತ್ತಿದೆ. ಗುಜರಿಯವನು ಬರುತ್ತಾನೆ, ತೂಗುತ್ತಾನೆ, ಕೊಂಡೊಯ್ಯುತ್ತಾನೆ. ಅವನನ್ನು ನಾವು ದೂರುವುದಿಲ್ಲ, ಅವನೂ ಹೊಟ್ಟೆಪಾಡಿನವನೇ. ಇನ್ನೊಬ್ಬನು ಕಾರಿನಲ್ಲಿ ಬರುತ್ತಾನೆ. ಅವನಿಗೆ ಕೆತ್ತನೆಯ ಬಾಗಿಲು ಬೇಕು, ಕಂಬ ಬೇಕು, ದೀಪದ ಮಲ್ಲಿ ಬೇಕು. ನಮ್ಮ ಹಿರಿಯರ ಹೊಸ್ತಿಲು ದೊಡ್ಡ ಪಟ್ಟಣದ ಹೋಟೆಲಿನಲ್ಲಿ ಶೋಭೆಗೆ ನಿಲ್ಲುತ್ತದೆ. ಅದನ್ನು ದಾಟಿ ಬಂದವರು ಯಾರೆಂಬುದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ನಾವೇನೂ ಇದರಲ್ಲಿ ಶುದ್ಧರಲ್ಲ. ನಮ್ಮ ಮನೆಯಲ್ಲಿಯೇ ಅಜ್ಜಿಯ ತಾಮ್ರದ ಹಂಡೆಯನ್ನು ತೂಕಕ್ಕೆ ಹಾಕಿ ಸ್ಟೀಲಿನ ಪಾತ್ರೆ ತಂದೆವು. ಆಕೆ ಮೂರು ಹೊತ್ತಿನ ಜೋಳ ಬೀಸಿದ ಕಲ್ಲು ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಾಯಿತು. ಬೀಸುವಾಗ ಆಕೆ ಹಾಡುತ್ತಿದ್ದ ಹಾಡುಗಳಲ್ಲಿ ನಮಗೆ ಇಂದು ನೆನಪಿರುವುದು ಎರಡೋ ಮೂರೋ. ಕಲ್ಲು ತಿರುಗುವುದು ನಿಂತಾಗ ಹಾಡೂ ನಿಂತಿತು.

ಇತಿಹಾಸವೆಂದರೆ ಏನು? ಇಲ್ಲಿಂದ ದೂರವಲ್ಲದ, ಇಂಡಿ ತಾಲೂಕಿನ ಸಾಲೋಟಗಿಯನ್ನು ತೆಗೆದುಕೊಳ್ಳಿರಿ. ಅಲ್ಲಿ ಕ್ರಿ. ಶ. 945ರ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ಸಂಗತಿ, ಅದಕ್ಕೆ ಬಿಟ್ಟ ಭೂಮಿಯ ಸಂಗತಿ ಅದರಲ್ಲಿ ಬರುತ್ತದೆ. ದೇಶದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಹೆಮ್ಮೆಯ ಮಾತೇ ಸರಿ. ಆದರೆ ಅವರಿಗೆ ರೊಟ್ಟಿ ತಟ್ಟಿದವರು ಯಾರು, ನೀರು ಹೊತ್ತವರು ಯಾರು, ಆ ಹೊಲ ಉತ್ತವರು ಯಾವ ಕೂರಿಗೆಯಿಂದ ಬಿತ್ತಿದರು? ಕಲ್ಲು ಅದನ್ನು ಹೇಳುವುದಿಲ್ಲ. ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಿಂದ ವಸ್ತುಸಂಗ್ರಹಾಲಯವಿದೆ. ಶಾಸನಗಳು, ಆಯುಧಗಳು, ಚೀನಾದ ಪಿಂಗಾಣಿ ಎಲ್ಲವೂ ನೋಡತಕ್ಕವು. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಆದರೆ ಬಾದಶಹನ ಪಿಂಗಾಣಿಯನ್ನು ಸರಕಾರವು ಕಾಯುತ್ತದೆ, ನಮ್ಮ ಹರವಿ ಗಡಿಗೆಗಳನ್ನು ನಾವೇ ಕಾಯಬೇಕು.

ವ್ಯಾಪಾರಿ ಬಂಧುಗಳ ಕಡೆಗೆ ತಿರುಗುತ್ತೇವೆ. ನಿಮ್ಮ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಹಳೆಯ ಸೇರು, ಅಚ್ಚೇರು, ಪಾವಸೇರು, ಚಟಾಕಿನ ಕಲ್ಲುಗಳು ಇದ್ದಾವು. 1956ರ ಕಾಯದೆಯ ಮೇರೆಗೆ 1958ರಿಂದ ಕಿಲೋಗ್ರಾಮು ಬಂದಿತು, 1962ರ ಹೊತ್ತಿಗೆ ಹಳೆಯ ತೂಕಗಳು ಚಲಾವಣೆಯಿಂದ ಹೋದವು. 1957ರ ಏಪ್ರಿಲ್ 1ರಿಂದ ಆಣೆ ಪೈಗಳ ಜಾಗಕ್ಕೆ ನಯೇ ಪೈಸೆ ಬಂದಿತು. ಸರಕಾರಿ ಸೇರೆಂದರೆ 80 ತೊಲೆ. ಊರೂರಿನ ಸೇರು ಬೇರೆ ಬೇರೆ. ರೈತನಿಂದ ಕೊಳ್ಳುವಾಗ ಒಂದು ಸೇರು, ಕೂಲಿಯವನಿಗೆ ಮಾರುವಾಗ ಇನ್ನೊಂದು ಸೇರು ಇಟ್ಟವರೂ ಇದ್ದರಂತೆ! ನಿಮ್ಮ ಮನೆತನದವರು ಇಟ್ಟಿದ್ದರೆಂದು ನಾವು ಹೇಳುತ್ತಿಲ್ಲ. ಆದರೆ ಅಂಥ ಎರಡು ಸೇರುಗಳು ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಕುಳಿತರೆ, ಹತ್ತು ಭಾಷಣಗಳು ಹೇಳದ್ದನ್ನು ಅವು ಹೇಳುತ್ತವೆ.

ನಿಮ್ಮ ಖಾತೆಕಿರ್ದಿಗಳೂ ಹಾಗೆಯೇ. 1956ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು; ಕುಲಕರ್ಣಿಯ ದಫ್ತರವೆಷ್ಟೋ, ಸಾಹುಕಾರನ ಲೆಕ್ಕವೆಷ್ಟೋ ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಇಂದು ಬೆರಳೆಣಿಕೆಯ ಮಂದಿ. ಓದಲು ಬರುವುದಿಲ್ಲವೆಂದು ಅದನ್ನು ಬಚ್ಚಲ ಒಲೆಗೆ ಹಾಕಬೇಡಿರಿ. ಯಾವ ಬರದ ವರ್ಷದಲ್ಲಿ ಯಾರ ಹೊಲ ಯಾರ ಹೆಸರಿಗೆ ಹೋಯಿತೆಂಬುದು ಅದರೊಳಗೇ ಇದ್ದೀತು.

ಗಿರಣಿಯ ಸಂಗಾತಿಗಳೇ, ನಿಮ್ಮ ಮನೆಯ ಟ್ರಂಕು ನೋಡಿರಿ. 1877ರಲ್ಲಿ ಆರಂಭವಾದ ಸೊಲ್ಲಾಪುರದ ಜುನಿ ಮಿಲ್ಲು ಮುಚ್ಚಿ ದಶಕಗಳೇ ಕಳೆದವು. ಅದರ ನಂತರದ ಎಷ್ಟೋ ಗಿರಣಿಗಳೂ ನಿಂತವು. ಕಟ್ಟಡಗಳೂ ಉಳಿಯಲಿಕ್ಕಿಲ್ಲ. ನಿಮ್ಮ ತಂದೆಯ ಹಾಜರಿಯ ಬಿಲ್ಲೆ, ಪಗಾರದ ಚೀಟಿ, ಸಂಘದ ವರ್ಗಣಿಯ ಪಾವತಿ, ಸವೆದ ಲಾಳಿ ಇವೇ ಉಳಿದ ಗಿರಣಿ. 1930ರಲ್ಲಿ ಸೊಲ್ಲಾಪುರದ ಮೇಲೆ ಮಾರ್ಶಲ್ ಲಾ ಬಿದ್ದಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಈ ನಾಲ್ವರನ್ನು ಗಲ್ಲಿಗೇರಿಸಿದರು. ಆ ನಾಲ್ವರ ಹೆಸರು ಚೌಕದಲ್ಲಿದೆ. ಆಗ ಬೀದಿಯಲ್ಲಿದ್ದ ಸಾವಿರಾರು ಕೈಗಳ ಗುರುತು ಎಲ್ಲಿದೆ?

ಇನ್ನು ದೇವರ ಸಾಮಾನು. ಇಲ್ಲಿ ನಾವು ಮೆಲ್ಲಗೆ ಹೆಜ್ಜೆ ಇಡಬೇಕು. ಲಿಂಗದ ಬೆಳ್ಳಿ ಕರಡಿಗೆ, ಎಲ್ಲಮ್ಮನ ಜಗ, ಚೌಡಿಕೆ, ಗೊಂದಲಿಗರ ಸಂಬಾಳ, ಗೊರವರ ದೋಣಿ, ಪುರವಂತರ ಶಸ್ತ್ರ, ಅಲಾವಿಯ ಪಂಜಾ. ಪೂಜೆಯಲ್ಲಿರುವ ಒಂದನ್ನೂ ನಾವು ಕೇಳುವುದಿಲ್ಲ. ಅದು ಜಗುಲಿಯ ಮೇಲೆಯೇ ಇರಲಿ. ಮನೆಯವರು ಒಪ್ಪಿದರೆ ಫೋಟೋ ತೆಗೆದು, ಹೆಸರು ಬರೆದುಕೊಂಡರೆ ಸಾಕು. ಪೂಜೆ ನಿಂತುಹೋದದ್ದು, ಮಕ್ಕಳು ಪಟ್ಟಣಕ್ಕೆ ಹೋಗಿ ದಿಕ್ಕಿಲ್ಲದೆ ಬಿದ್ದದ್ದು, ಭಿನ್ನವಾಯಿತೆಂದು ಬಾವಿಗೋ ಹೊಳೆಗೋ ಹಾಕಲು ಹೊರಟದ್ದು, ಅದನ್ನು ಮಾತ್ರ ಕೇಳುತ್ತೇವೆ. ಹಬ್ಬದ ದಿನ ಬೇಕೆಂದರೆ ಒಯ್ದು ಪೂಜಿಸಿ ಮರಳಿ ತಂದಿಡಲಿ. ನಾವು ದೇವರನ್ನು ನಂಬುತ್ತೇವೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಚೌಡಿಕೆಯ ತಂತಿಯನ್ನು ಬಡವರೇ ಮೀಟಿದರು. ಅಲಾವಿಯ ಕುಣಿಯ ಸುತ್ತ ಹಿಂದೂ ಮುಸಲ್ಮಾನರಿಬ್ಬರೂ ಹೆಜ್ಜೆ ಹಾಕಿದರು.

ಜಗುಲಿಯಿಂದ ಸಾಮಾನು ಹೊರಗೆ ಬಂದರೆ ಏನಾಗಬಲ್ಲದೆಂಬುದಕ್ಕೆ ನಮ್ಮ ಜಿಲ್ಲೆಯ ಉದಾಹರಣೆಯೇ ಇದೆ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆ ಮಠಗಳನ್ನು ಸುತ್ತಿ ತಾಡೋಲೆಯ ಕಟ್ಟುಗಳನ್ನು ಕೂಡಿಸಿದರು. ಅವೆಷ್ಟೋ ಕಟ್ಟುಗಳನ್ನು ಜನ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುತ್ತಿರಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದಿತು. 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. ಅಂಬಿಗರ, ಮಾದಾರರ, ಸೂಳೆಯರ, ಕಟ್ಟಿಗೆ ಮಾರುವವರ ಮಾತು ಅರಿವೆಯ ಗಂಟಿನೊಳಗಿಂದ ಎದ್ದು ಬಂದಿತು. ಬಸವಣ್ಣನ ಹುಟ್ಟೂರಾದ ಬಾಗೇವಾಡಿ ಇರುವ ಜಿಲ್ಲೆಯಲ್ಲಿಯೇ ಈ ಕೆಲಸ ನಡೆಯಿತು.

ವಕೀಲರ ಮಾತಾಯಿತು, ಅಂಗಡಿಕಾರರಿಂದ ಇದು ಆದೀತೇ ಎನ್ನುವಿರಾ? ಪುಣೆಯ ದಿನಕರ ಕೇಳಕರರು ಚಾಳೀಸಿನ ಅಂಗಡಿ ಇಟ್ಟವರು. ದೀಪ, ಅಡಕೊತ್ತು, ಮಸಿಕುಡಿಕೆ, ಬಾಗಿಲುಗಳೆಂದು ಆಯುಷ್ಯವೆಲ್ಲ ಕೂಡಿಸುತ್ತ ಹೋದರು. ಸಣ್ಣ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜಾನ ಹೆಸರಿಟ್ಟು, 1975ರಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಅಲ್ಲಿ ಸುಮಾರು 20,000 ವಸ್ತುಗಳಿವೆ. ನಮಗೆ ಇನ್ನೂರು ಸಾಕು.

ಒಂದು ವಾದ ನಮ್ಮವರಲ್ಲಿಯೇ ಇದೆ. ನಾಚಿಕೆಯ ಸಾಮಾನನ್ನು ಇಡಬೇಕೇ? ಚಹದ ಅಂಗಡಿಯ ಹೊರಗೆ ದಲಿತರಿಗೆಂದು ಬೇರೆ ಇಟ್ಟಿದ್ದ ಬಸಿ, ಜೀತದ ಕರಾರಿನ ಕಾಗದ, ಹುಡುಗಿಯ ಕೊರಳಿಗೆ ಕಟ್ಟಿದ ಮುತ್ತು. ಅವನ್ನು ಇಟ್ಟರೆ ಊರಿನ ಮಾನ ಹೋಗುತ್ತದೆ ಎನ್ನುತ್ತಾರೆ. ಜೀತದ ನಿಷೇಧ 1976ರಲ್ಲಿ ಬಂದಿತು, ದೇವದಾಸಿ ಬಿಡುವುದರ ನಿಷೇಧ ನಮ್ಮ ರಾಜ್ಯದಲ್ಲಿ 1982ರಲ್ಲಿ ಬಂದಿತು. ಇದೆಲ್ಲ ನಮ್ಮ ಕಣ್ಣೆದುರಿನದೇ. ನಮ್ಮ ಅಭಿಪ್ರಾಯದಲ್ಲಿ ಮೊದಲು ಇಡತಕ್ಕವು ಇವೇ. ಆದರೆ ಇಡಬೇಕೋ ಬೇಡವೋ ಎಂಬುದನ್ನು ಆ ಬಸಿಯಲ್ಲಿ ಕುಡಿದವರ ಮನೆಯವರೇ ಹೇಳಬೇಕು, ಉಳಿದವರಲ್ಲ. ಹೆಸರು ಬೇಡವೆಂದರೆ ಹೆಸರಿಲ್ಲದೆ ಇಡೋಣ. ಬೇಡವೇ ಬೇಡವೆಂದರೆ ಅಲ್ಲಿಗೆ ಬಿಡೋಣ.

ಕಾಯದೆಯ ಮಾತು ಎರಡೇ. 1972ರ ಪ್ರಾಚ್ಯವಸ್ತು ಕಾಯದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪ್ರಾಚ್ಯವಸ್ತುಗಳಾಗುತ್ತವೆ. ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ, ಲಾಯಸೆನ್ಸಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಹೊಲದಲ್ಲಿ ನಿಧಿ ಸಿಕ್ಕರೆ ಕಾಯದೆಯಂತೆ ಸರಕಾರಕ್ಕೆ ತಿಳಿಸಬೇಕು. ಗುಡಿಯ ಮೂರ್ತಿಯನ್ನು ಯಾರೂ ತರಬೇಡಿರಿ. ಅದು ಸಂಗ್ರಹವಲ್ಲ, ಕಳವು.

ಬೇಕಾದದ್ದು ಒಂದು ಕೋಣೆ, ಗೆದ್ದಲು ಹತ್ತದಂತೆ ನೆಲದಿಂದ ಎತ್ತರಿಸಿದ ಹಲಗೆ, ಒಂದು ದಪ್ಪ ವಹಿ. ಹಿತ್ತಾಳೆಯನ್ನು ಹುಣಸೆ ಹಚ್ಚಿ ತಿಕ್ಕಿ ಹೊಳೆಯಿಸಬೇಡಿರಿ, ಕೆತ್ತಿದ ಹೆಸರು ಸವೆದು ಹೋಗುತ್ತದೆ. ಹಳೆಯ ಕಾಗದಕ್ಕೆ ಪ್ಲಾಸ್ಟಿಕ್ ಅಂಟಿಸಬೇಡಿರಿ. ವಹಿಯಲ್ಲಿ ಕೊಟ್ಟವರ ಹೆಸರು ಮಾತ್ರವಲ್ಲ, ಆ ಸಾಮಾನಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು, ಮಾಡಿದ ಬಡಿಗ ಕಂಬಾರ ಯಾರು, ಯಾರ ಕೈಯಲ್ಲಿ ಸವೆಯಿತು, ಇದನ್ನೆಲ್ಲ ಬರೆಯಬೇಕು. ಮನೆಯ ಮುದುಕಿಯರನ್ನು ಈ ವರ್ಷವೇ ಕೇಳಿರಿ. ಮೊಮ್ಮಕ್ಕಳ ಕೈಯಲ್ಲಿ ಮೊಬೈಲಿದೆ, ಅವರ ಮಾತನ್ನು ಹಿಡಿದಿಡಲಿ.

ಸಾಮಾನು ಕೊಟ್ಟವರದೇ, ಕೋಣೆಯದು ಕಾಯುವ ಹೊಣೆ ಮಾತ್ರ. ಕೇಳಿದ ದಿನ ಮರಳಿ ಕೊಡತಕ್ಕದ್ದು, ಚೀಟಿಯ ಮೇಲೆ ಇದನ್ನು ಬರೆದೇ ಕೊಡೋಣ. ಕೀಲಿ ಎರಡಿರಲಿ: ಒಂದು ವ್ಯಾಪಾರಿಗಳ ಕಡೆ, ಇನ್ನೊಂದು ದುಡಿಯುವವರ ಕಡೆ. ನಾವು ನಮ್ಮ ಅಜ್ಜಿಯ ಬೀಸುವ ಕಲ್ಲನ್ನು ಹಿತ್ತಲಿನಿಂದ ಎತ್ತಿಸಿ ಗಾಡಿಯಲ್ಲಿ ತಂದಿದ್ದೇವೆ. ಹೊರಗೆ ಗಿಡದ ಕೆಳಗಿದೆ. ಅದರ ಗೂಟ ಮುರಿದಿದೆ. ಬಡಿಗತನ ಬಲ್ಲವರು ಯಾರಾದರೂ ಸಭೆ ಮುಗಿದ ಮೇಲೆ ಒಂದಿಷ್ಟು ನಿಲ್ಲಬೇಕು.