ಕಾಫಿ ಹೂವಿನಲ್ಲಿ ಗಣಿತದ ಭಯ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)

ಬಿಇ ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಮೂಗಿನ ಬಗ್ಗೆ ಮಾತನಾಡುತ್ತೇನೆ. ನಾನು ವೈದ್ಯನಲ್ಲ. ಆರು ತಿಂಗಳು ವಾಸನೆ ಕಳೆದುಕೊಂಡಿದ್ದವನು, ಅಷ್ಟೇ ಅರ್ಹತೆ.

2020ರ ಸೆಪ್ಟೆಂಬರಿನಲ್ಲಿ ನನಗೆ ಕೊರೊನಾ ಬಂತು. ಜ್ವರ ನಾಲ್ಕು ದಿನದಲ್ಲಿ ಬಿಟ್ಟಿತು, ವಾಸನೆ ಮಾತ್ರ ವಾಪಸ್ ಬರಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ವರ್ಕ್ ಫ್ರಮ್ ಹೋಮ್ ಎಂದು ಊರಿಗೆ ಬಂದಾಗ ಕೊನೆ ಕೊಯ್ಲು ಶುರುವಾಗಿತ್ತು. ಅಂಗಳದಲ್ಲಿ ಅಡಿಕೆ ಬೇಯುವ ಹಂಡೆ, ಚೊಗರು, ಹೊಗೆ ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಆದರೆ ಟಿವಿಯಲ್ಲಿ ಯಾರದೋ ಮನೆ ನೋಡಿದ ಹಾಗೆ. ದೀಪಾವಳಿಗೆ ಅಮ್ಮ ಅರಿಶಿನ ಎಲೆ ಕಡುಬು ಮಾಡಿದ್ದಳು. ಅದರ ಸೊಗಸೆಲ್ಲ ಆ ಎಲೆಯ ಪರಿಮಳದಲ್ಲೇ ಇರುವುದು. ಒಂದು ತಿಂದು ಎದ್ದೆ. "ಪ್ಯಾಟೆ ನಾಲಿಗೆ ಆಯ್ತು ನಿಂಗೆ" ಎಂದಳು. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ. (ವೇದಿಕೆಯಲ್ಲಿರುವವರು ಗಮನಿಸಬೇಕು.) ಒಂದು ದಿನ ಅಲ್ಲೇ ಮೀಟಿಂಗಿನಲ್ಲಿದ್ದೆ. ಬೆನ್ನ ಹಿಂದೆ ಹಾಲು ಉಕ್ಕಿ, ತಳ ಹಿಡಿದು, ಸುಟ್ಟ ವಾಸನೆ ಅಂಗಳದವರೆಗೆ ಹೋಗಿತ್ತಂತೆ. ಅಪ್ಪಯ್ಯ ಓಡಿ ಬಂದರು. "ಎಂತ ಮಾರಾಯ, ಮೂಗಿಲ್ವಾ ನಿಂಗೆ?"

"ಇಲ್ಲ ಅಪ್ಪಯ್ಯ, ಎರಡು ತಿಂಗಳಾಯ್ತು" ಎಂದೆ. ಅವರು ಒಲೆಯ ಬೆಂಕಿ ಹಿಂದೆ ಎಳೆದು, ಅಲ್ಲೇ ಮಣೆ ಹಾಕಿ ಕುಳಿತರು.

ಆಮೇಲೆ ನಾನು ಓದಿಕೊಂಡದ್ದನ್ನು ಹೇಳುತ್ತೇನೆ. ಮೂಗಿನೊಳಗೆ ಮೇಲ್ಗಡೆ ಅಂಚೆಚೀಟಿಯಷ್ಟು ಜಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ. ಮನುಷ್ಯನಲ್ಲಿ ಸುಮಾರು 400 ಬಗೆಯ ಗ್ರಾಹಕಗಳು. ಈ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಕೊರೊನಾ ವೈರಸ್ ಮುಖ್ಯವಾಗಿ ಕೆಡಿಸಿದ್ದು ಆ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳನ್ನು. ಮರ ಚೆನ್ನಾಗಿಯೇ ಇದೆ, ಬುಡದ ಮಣ್ಣು ಕೊಚ್ಚಿಹೋಗಿದೆ ಎಂದುಕೊಳ್ಳಿ.

ಕಣ್ಣು, ಕಿವಿಯ ಸುದ್ದಿ ಮಿದುಳಿನಲ್ಲಿ ಮೊದಲು ಥಾಲಮಸ್ ಎಂಬ ಕಚೇರಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ರವಾನೆಯಾಗುತ್ತದೆ. ವಾಸನೆಗೆ ಈ ಅರ್ಜಿ ಗುಜರಾಯಿಸುವ ಕೆಲಸವಿಲ್ಲ. ಭಯ, ಸಂತೋಷಗಳನ್ನು ನೋಡಿಕೊಳ್ಳುವ ಅಮಿಗ್ಡಲಾಕ್ಕೆ ನೇರ ದಾರಿ, ನೆನಪು ಕಟ್ಟುವ ಹಿಪೊಕ್ಯಾಂಪಸ್ ಅದರ ಪಕ್ಕದಲ್ಲೇ. ಅದಕ್ಕೇ ಯಾವುದೋ ವಾಸನೆ ಬಡಿದರೆ ಅದರ ಹೆಸರು ಹೊಳೆಯುವ ಮೊದಲೇ ಮನಸ್ಸು ಬದಲಾಗಿರುತ್ತದೆ.

ಇನ್ನೊಂದು ಮಾತು. ಪಾರ್ಕಿನ್ಸನ್, ಅಲ್‌ಝೈಮರ್ ಕಾಯಿಲೆಗಳಲ್ಲಿ ನಡುಕ, ಮರೆವು ಕಾಣುವುದಕ್ಕೆ ವರ್ಷಗಳ ಮೊದಲೇ ವಾಸನೆ ಕುಂದುವುದುಂಟು. ಶೀತಕ್ಕೂ ಹೋಗುತ್ತದೆ, ವಯಸ್ಸಿಗೂ ಹೋಗುತ್ತದೆ, ಗಾಬರಿ ಬೇಡ. ಆದರೆ ಮನೆಯ ಹಿರಿಯರು ದಿನಾ ಸಾರಿಗೆ ರುಚಿಯಿಲ್ಲ ಎಂದರೆ, ಸಾರು ಮಾಡಿದವರನ್ನು ಬೈಯುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ.

ನನಗೆ ವೈದ್ಯರು ಹೇಳಿದ್ದು ಔಷಧಿಯಲ್ಲ, ಅಭ್ಯಾಸ. ಜರ್ಮನಿಯ ಥಾಮಸ್ ಹುಮ್ಮೆಲ್ ಎಂಬವರು 2009ರಲ್ಲಿ ಪ್ರಕಟಿಸಿದ ಕ್ರಮ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ 12 ವಾರ ಮೂಸುವುದು. ಎಲ್ಲರಿಗೂ ಫಲಿಸುತ್ತದೆ ಎಂದಲ್ಲ. ಅಮ್ಮ ನಾಲ್ಕಕ್ಕೆ ನಿಲ್ಲಿಸಲಿಲ್ಲ, ಏಲಕ್ಕಿ, ಅರಿಶಿನ ಎಲೆ, ಒಮ್ಮೆ ಅಪ್ಪಯ್ಯನ ಕಂಬಳಿಯನ್ನೂ ತಂದಳು. ಜನವರಿಯಲ್ಲಿ ಏನೋ ಬರತೊಡಗಿತು, ಆದರೆ ಕಾಫಿಯೇ ಸುಟ್ಟ ರಬ್ಬರಿನಂತೆ. ಹೀಗೂ ಆಗುತ್ತದಂತೆ, ವಾಸಿಯಾಗುವ ದಾರಿಯಲ್ಲಿ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಹತ್ತು ದಿನಕ್ಕೆ ಕಾಫಿ ಗಿಡಗಳು ಬೆಳ್ಳಗಾದವು. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದವನಿಗೆ ಮೊದಲು ಬಂದದ್ದು ಪರಿಮಳವಲ್ಲ, ಹೊಟ್ಟೆಯಲ್ಲಿ ತಳಮಳ, ಅಂಗೈಯಲ್ಲಿ ಬೆವರು. ಒಂದು ಕ್ಷಣ ಬಿಟ್ಟು ತಿಳಿಯಿತು, ಹೂವಿನ ವಾಸನೆ ಬಂದಿದೆ! 2005ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಹೊರಟಾಗ ದಾರಿಯುದ್ದಕ್ಕೂ ಇದೇ ಹೂ ಅರಳಿತ್ತು. ನನ್ನ ಆಫೀಸಿನ ಗೆಳೆಯರು ಈ ಹೂ ನೋಡಲೆಂದೇ ದುಡ್ಡು ಕೊಟ್ಟು ಹೋಂಸ್ಟೇಗೆ ಬರುತ್ತಾರೆ, ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಪ್ರಮೇಯ ಮರೆತುಹೋಗುತ್ತದೆ. ವಾಸನೆ ಒಂದೇ, ಅದನ್ನು ನಾವು ಮೊದಲು ಕಂಡ ದಿನ ಬೇರೆ.

ಅವತ್ತು ಆ ಭಯದಲ್ಲೇ ನಾನು ಹಿತ್ತಿಲಲ್ಲಿ ನಿಂತು ಅತ್ತೆ. ಅಮ್ಮ ಎಂತಾಯ್ತೋ ಎಂದು ಹೆದರಿ ಬಂದಳು. "ಅಮ್ಮ, ಕಾಫಿ ಹೂ" ಎಂದೆ. ಅವಳಿಗೆ ಅರ್ಥವಾಯಿತು. ಆ ಸಂಜೆಯೇ ಕಡುಬು ಮಾಡಲು ಹೊರಟಳು, ಆದರೆ ಬೇಸಿಗೆಗೆ ಅರಿಶಿನ ಎಲೆ ಎಲ್ಲಿಂದ ತರುವುದು!

ಗಣಿತದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸರ್, ನಾನು ಪಾಸಾಗಿದ್ದೆ. ಈಗ ಹತ್ತನೇ ತರಗತಿಯಲ್ಲಿರುವ ಮಕ್ಕಳೇ, ನಿಮ್ಮ ಪರೀಕ್ಷೆಯೂ ಹೂಮಳೆಯ ಹೊತ್ತಿಗೇ ಬರುತ್ತದೆ.