ಕ್ಷಯರೋಗದ ಚಿಕಿತ್ಸೆ ಮತ್ತು ದೇಹದ ರೋಗನಿರೋಧಕ ಶಕ್ತಿ



ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ಕ್ಷಯರೋಗಿಯ ಜ್ವರ ಇಳಿಯುತ್ತದೆ, ಕೆಮ್ಮು ಕಡಿಮೆಯಾಗುತ್ತದೆ, ಹಸಿವು ಮರಳುತ್ತದೆ. ರೋಗ ವಾಸಿಯಾಯಿತೆಂದು ಭಾವಿಸಿ ಕೆಲವರು ಔಷಧವನ್ನು ನಿಲ್ಲಿಸುವುದು ಈ ಹಂತದಲ್ಲಿಯೇ. ಈ ಭಾವನೆ ಏಕೆ ಅಪಾಯಕರವೆಂಬುದು ದೇಹದೊಳಗೆ ನಡೆಯುವ ಹೋರಾಟವನ್ನು ಅರಿತರೆ ಸ್ಪಷ್ಟವಾಗುತ್ತದೆ.

ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದ ಕ್ಷಯರೋಗಾಣುಗಳನ್ನು ಅಲ್ಲಿನ ಭಕ್ಷಕ ಕಣಗಳು ನುಂಗುತ್ತವೆ. ಆದರೆ ನುಂಗಿದ ಕಣದೊಳಗೇ ಬದುಕಿ ಉಳಿಯುವ ಸಾಮರ್ಥ್ಯ ಈ ರೋಗಾಣುಗಳಿಗಿದೆ. ಆಗ 'ಟಿ' ಕಣಗಳೆಂಬ ಬಿಳಿಯ ರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ದ್ರವ್ಯವನ್ನು ಸ್ರವಿಸಿ ಭಕ್ಷಕ ಕಣಗಳನ್ನು ಚುರುಕುಗೊಳಿಸುತ್ತವೆ. ಎರಡೂ ಬಗೆಯ ಕಣಗಳು ಕೂಡಿ ರೋಗಾಣುಗಳನ್ನು ಸುತ್ತುವರಿದಾಗ ಸಣ್ಣ ಗಂಟುಗಳು ಏರ್ಪಡುತ್ತವೆ.

ಔಷಧಗಳು ವೇಗವಾಗಿ ವೃದ್ಧಿಸುವ ರೋಗಾಣುಗಳನ್ನು ಮೊದಲು ನಾಶಪಡಿಸುತ್ತವೆ. ಉರಿಯೂತ ತಗ್ಗುತ್ತದೆ, ರೋಗಿಗೆ ನೆಮ್ಮದಿಯೆನಿಸುತ್ತದೆ. ಆದರೆ ಗಂಟುಗಳಲ್ಲಿ ಜಡವಾಗಿ ಅಡಗಿರುವ ರೋಗಾಣುಗಳು ಸುಲಭವಾಗಿ ಸಾಯುವುದಿಲ್ಲ. ಆದುದರಿಂದಲೇ ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮತ್ತು ಎಥಾಂಬ್ಯುಟಾಲ್ ಎಂಬ 4 ಔಷಧಗಳನ್ನೂ, ಅನಂತರದ 4 ತಿಂಗಳು ಪೈರಾಜಿನಮೈಡ್ ಹೊರತು ಉಳಿದ ಮೂರನ್ನೂ ನೀಡಲಾಗುತ್ತದೆ. ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಔಷಧಗಳಿಗೆ ಜಗ್ಗದ ರೋಗಾಣುಗಳು ಬೆಳೆಯಬಹುದು.

ಇದಕ್ಕೆ ವಿರುದ್ಧವಾದ ಅನುಭವವೂ ಕೆಲವರಿಗಾಗುವುದುಂಟು. ಚಿಕಿತ್ಸೆ ಫಲ ನೀಡುತ್ತಿರುವಾಗಲೇ ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳಬಹುದು, ಜ್ವರ ಮತ್ತೆ ಬರಬಹುದು. ಚೇತರಿಸಿಕೊಂಡ ರೋಗನಿರೋಧಕ ಶಕ್ತಿಯು ರೋಗಾಣುಗಳ ಅವಶೇಷಗಳ ವಿರುದ್ಧ ತೀವ್ರವಾಗಿ ಪ್ರತಿಕ್ರಿಯಿಸುವುದರಿಂದ ಹೀಗಾಗಬಹುದು. ಎಚ್.ಐ.ವಿ. ಸೋಂಕಿಗೂ ಔಷಧ ಆರಂಭಿಸಿದ ರೋಗಿಗಳಲ್ಲಿ ಇದರ ಸಂಭವ ಹೆಚ್ಚು. ಆದರೆ ಔಷಧ ನಾಟದಿರುವುದೂ ಇಂತಹ ಲಕ್ಷಣಗಳಿಗೆ ಕಾರಣವಾಗಬಹುದು. ಇದನ್ನು ನಿರ್ಣಯಿಸಬೇಕಾದವರು ವೈದ್ಯರು. ರೋಗಿಯು ತಾನಾಗಿ ಔಷಧ ಬಿಡತಕ್ಕದ್ದಲ್ಲ.

ಕ್ಷಯದ ಚರ್ಮಪರೀಕ್ಷೆಯನ್ನು ಕುರಿತೂ ಒಂದು ಮಾತು ಅವಶ್ಯ. ರೋಗ ಗುಣವಾದ ಮೇಲೂ ಚರ್ಮದಲ್ಲಿ ಗಡಸು ಗುರುತು ಕಾಣಿಸಿಕೊಳ್ಳಬಹುದು. ಅದು ರೋಗಾಣುಗಳನ್ನು ಕುರಿತು ದೇಹ ಉಳಿಸಿಕೊಂಡ ನೆನಪೇ ಹೊರತು ರೋಗ ಉಳಿದಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಶ್ವಾಸಕೋಶದ ಕ್ಷಯದಲ್ಲಿ ಗುಣವನ್ನು ಮುಖ್ಯವಾಗಿ ಕಫ ಪರೀಕ್ಷೆಯಿಂದ ತಿಳಿಯಬೇಕು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಔಷಧಗಳು ಉಚಿತ. ಮುಂಬಯಿ, ಪುಣೆಗಳಲ್ಲಿ ದುಡಿಯುವವರು ಚಿಕಿತ್ಸೆಯ ನಡುವೆ ತಮ್ಮ ಊರಿಗೆ ತೆರಳಬೇಕಾಗಿ ಬಂದರೆ, ಕೇಂದ್ರಕ್ಕೆ ಮೊದಲೇ ತಿಳಿಸತಕ್ಕದ್ದು. ಅಲ್ಲಿಯೇ ಚಿಕಿತ್ಸೆ ಮುಂದುವರಿಸುವ ವ್ಯವಸ್ಥೆಯಿದೆ. ದೇಹವು ತನ್ನ ಹೋರಾಟವನ್ನು ನಡೆಸುತ್ತಲೇ ಇರುತ್ತದೆ. ಔಷಧದ ನೆರವು ಕೊನೆಯ ದಿನದವರೆಗೂ ಅದಕ್ಕೆ ತಪ್ಪದಂತೆ ನೋಡಿಕೊಳ್ಳುವುದು ರೋಗಿಯ ಮತ್ತು ಮನೆಯವರ ಕರ್ತವ್ಯ.