ಅಧಿಕಾರ ಒಂದು ವರ್ಷ, ಕೆಲಸ ನೂರು ವರ್ಷ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಮಾತನಾಡತಕ್ಕಷ್ಟು ವಿದ್ವತ್ತು ನಮ್ಮಲ್ಲಿಲ್ಲ. ನಾವು ಬ್ಯಾಂಕಿನ ಗುಮಾಸ್ತರು. ಹಗಲೆಲ್ಲ ಇತರರ ಹಣದ ಲೆಕ್ಕ ನೋಡಿ ಸಂಜೆ ಮನೆ ಸೇರುವವರು. ಆದರೂ ಸಮಿತಿಯವರ ಅಪ್ಪಣೆಯಾದ್ದರಿಂದ, ನಮಗೆ ಅಲ್ಪಸ್ವಲ್ಪ ತಿಳಿದ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ದೇಶದೇಶಗಳಲ್ಲಿ ಹರಡಿರುವ ಒಂದು ಸೇವಾಸಂಸ್ಥೆಯನ್ನು ಯಾರು ನಡೆಸುತ್ತಾರೆ, ಹೇಗೆ ನಡೆಸುತ್ತಾರೆ ಎಂಬುದೇ ಆ ವಿಷಯ. ಸಂಸ್ಥೆಯ ಹೆಸರು ರೋಟರಿ. ನಾವು ಅದರ ಸದಸ್ಯರಲ್ಲ. ಅದರ ಪರವಾಗಿ ವಕಾಲತ್ತು ಹೂಡಲು ಬಂದವರೂ ಅಲ್ಲ. ಇದನ್ನೇ ಏಕೆ ಹಿಡಿದೆವೆಂಬುದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ರೋಟರಿಯೆಂದರೆ ಉಳ್ಳವರ ಕೂಟವೆಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಅದು ಹುಟ್ಟಿದ್ದು ಐಶ್ವರ್ಯದಿಂದಲ್ಲ, ಒಂಟಿತನದಿಂದ. ಪಾಲ್ ಹ್ಯಾರಿಸ್ ಎಂಬ ವಕೀಲರು ಅಮೆರಿಕದ ವರ್ಮಾಂಟ್ ಸಂಸ್ಥಾನದ ವಾಲಿಂಗ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯರ ಆಸರೆಯಲ್ಲಿ ಬೆಳೆದವರು. 1896ರಲ್ಲಿ ಅವರು ಷಿಕಾಗೋ ನಗರಕ್ಕೆ ಬಂದು ವಕೀಲಿ ಹೂಡಿದರು. ವೃತ್ತಿ ಸಾಗಿತು, ಮನಸ್ಸು ಮಾತ್ರ ನೆಲೆಗೊಳ್ಳಲಿಲ್ಲ. ವಾರವೆಲ್ಲ ಕಕ್ಷಿಗಾರರು, ರಜೆಯ ದಿನ ಯಾರೂ ಇಲ್ಲ. ಊರು ಬಿಟ್ಟು ಬಂದು, ಭಾನುವಾರದ ಮಧ್ಯಾಹ್ನ ಬಾಡಿಗೆ ಕೋಣೆಯಲ್ಲಿ ಗೋಡೆ ನೋಡುತ್ತ ಕುಳಿತ ಅನುಭವ ಈ ಸಭೆಯಲ್ಲಿ ಯಾರಿಗಿಲ್ಲ?

1900ರಲ್ಲಿ ಒಂದು ಸಂಜೆ ಮತ್ತೊಬ್ಬ ವಕೀಲ ಮಿತ್ರರು ಅವರನ್ನು ತಮ್ಮ ಬಡಾವಣೆಗೆ ಊಟಕ್ಕೆ ಕರೆದೊಯ್ದರು. ಊಟವಾದ ಮೇಲೆ ಇಬ್ಬರೂ ಅಡ್ಡಾಡಲು ಹೊರಟಾಗ, ಆ ಮಿತ್ರರನ್ನು ಅಂಗಡಿಯವರು ಹೆಸರು ಹಿಡಿದು ಮಾತನಾಡಿಸಿದರು. ಹಳ್ಳಿಯ ಈ ಸಲಿಗೆ ಮಹಾನಗರದಲ್ಲಿಯೂ ಸಾಧ್ಯವೆಂದು ಹ್ಯಾರಿಸರಿಗೆ ಆಗ ಹೊಳೆಯಿತು. ಹೊಳೆದದ್ದು ಕಾರ್ಯಕ್ಕೆ ಬರಲು ಐದು ವರ್ಷ ಹಿಡಿಯಿತು. 1905ನೆಯ ಫೆಬ್ರವರಿ 23ರಂದು ನಾಲ್ವರು ಕೂಡಿದರು: ಒಬ್ಬರು ವಕೀಲರು, ಒಬ್ಬರು ಕಲ್ಲಿದ್ದಲಿನ ವ್ಯಾಪಾರಿ, ಒಬ್ಬರು ಗಣಿಯ ಇಂಜಿನಿಯರು, ಒಬ್ಬರು ದರ್ಜಿ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ, ಸುತ್ತುವುದೆಂಬ ಅರ್ಥದ ‘ರೋಟರಿ’ ಹೆಸರಾಯಿತು. ಮೊದಲ ಅಧ್ಯಕ್ಷರಾದವರು ಹ್ಯಾರಿಸರಲ್ಲ, ಕಲ್ಲಿದ್ದಲಿನ ವ್ಯಾಪಾರಿ ಸಿಲ್ವೆಸ್ಟರ್ ಶೀಲ್ ಎಂಬುದನ್ನು ಗಮನಿಸಬೇಕು. ಸ್ಥಾಪಿಸಿದವನೇ ಕುರ್ಚಿಯಲ್ಲಿ ಕೂಡಬೇಕೆಂಬ ಸಂಪ್ರದಾಯ ಅಲ್ಲಿ ಬೆಳೆಯಲಿಲ್ಲ.

ಮೊದಮೊದಲು ಸದಸ್ಯರು ಒಬ್ಬರಿಗೊಬ್ಬರು ವ್ಯಾಪಾರ ಒದಗಿಸಿಕೊಳ್ಳುವುದೇ ದೊಡ್ಡ ಉದ್ದೇಶವಾಗಿತ್ತು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ವಕೀಲರನ್ನು ಸೇರಲು ಕರೆದಾಗ ಅವರು ಒಪ್ಪಲಿಲ್ಲ. ತಮ್ಮವರಿಗಲ್ಲದೆ ಊರಿಗೆ ಏನೂ ಮಾಡದ ಸಂಘ ಬಹುಕಾಲ ಬಾಳದೆಂಬುದು ಅವರ ಆಕ್ಷೇಪ. ಹ್ಯಾರಿಸರು ಸಿಟ್ಟಾಗಲಿಲ್ಲ, ಒಳಗೆ ಬಂದು ಅದನ್ನೇ ಮಾಡಿಸಿರೆಂದರು. ಸಂಘ ಮುಂದೆ ಕೈಗೆತ್ತಿಕೊಂಡ ಮೊದಲ ಲೋಕಸೇವೆ ಯಾವುದೆಂದುಕೊಂಡಿರಿ? ದೇವಾಲಯವಲ್ಲ, ಪ್ರತಿಮೆಯಲ್ಲ. ಷಿಕಾಗೋ ನಗರದಲ್ಲಿ ಸಾರ್ವಜನಿಕ ಶೌಚಗೃಹಗಳನ್ನು ಕಟ್ಟಿಸುವ ಪ್ರಯತ್ನ! ಆಕ್ಷೇಪಿಸಿದವನನ್ನು ಹೊರಗೆ ನಿಲ್ಲಿಸದೆ ಒಳಗೆ ಕರೆದುಕೊಂಡದ್ದೇ ಆ ಸಂಸ್ಥೆಯ ಭಾಗ್ಯೋದಯವೆಂದು ನಮಗೆ ತೋರುತ್ತದೆ.

ಹಣದ ಮಾತಿಗೆ ಬರೋಣ. ಅದು ನಮ್ಮ ಕಸುಬು. 1917ರಲ್ಲಿ ಅಧ್ಯಕ್ಷರಾಗಿದ್ದ ಆರ್ಚ್ ಕ್ಲಂಫ್ ಎಂಬವರು, ಲೋಕಕ್ಕೆ ಒಳಿತು ಮಾಡಲು ಶಾಶ್ವತ ನಿಧಿಯೊಂದನ್ನು ಸ್ಥಾಪಿಸಬೇಕೆಂದು ಸೂಚಿಸಿದರು. ಮರುವರ್ಷ ಆ ನಿಧಿಗೆ ಬಂದ ಮೊದಲ ಜಮೆ 26 ಡಾಲರು 50 ಸೆಂಟು. ಅಷ್ಟೇ! ಕ್ಲಂಫರು ನಾಚಿ ಖಾತೆಯನ್ನು ಮುಚ್ಚಲಿಲ್ಲ. ಬಹುಕಾಲ ಆ ನಿಧಿ ಮಂದಗತಿಯಲ್ಲಿಯೇ ಬೆಳೆಯಿತು. 1947ರಲ್ಲಿ ಹ್ಯಾರಿಸರು ತೀರಿಕೊಂಡ ಮೇಲೆ ಅವರ ನೆನಪಿಗಾಗಿ ಕಾಣಿಕೆಗಳು ಹರಿದುಬಂದು, 18 ಮಂದಿ ವಿದ್ಯಾರ್ಥಿಗಳು ಪರದೇಶದಲ್ಲಿ ಓದಲು ವೇತನ ಪಡೆದರು.

ಇನ್ನು ಆಡಳಿತದ ಕ್ರಮ. ಊರಿನ ಕ್ಲಬ್ಬಿನ ಅಧ್ಯಕ್ಷರಿಂದ ಹಿಡಿದು ಜಿಲ್ಲೆಯ ಗವರ್ನರು, ಅಂತರರಾಷ್ಟ್ರೀಯ ಅಧ್ಯಕ್ಷರವರೆಗೆ ಸಾಮಾನ್ಯವಾಗಿ ಒಂದೇ ವರ್ಷದ ಅಧಿಕಾರ. ಜುಲೈ 1ರಂದು ಹೊಸಬರು ಬರುತ್ತಾರೆ. ಬರುವ ವರ್ಷದ ಅಧ್ಯಕ್ಷರನ್ನು ಮೊದಲೇ ಆರಿಸಿ, ನಿರ್ದೇಶಕ ಮಂಡಲಿಯಲ್ಲಿ ಒಂದು ವರ್ಷ ಕೂಡಿಸಿಕೊಂಡು ಕೆಲಸ ಕಲಿಸುತ್ತಾರೆ. ನಿಧಿಯನ್ನು ನೋಡಿಕೊಳ್ಳಲು ಬೇರೆಯೇ ಒಂದು ಧರ್ಮದರ್ಶಿ ಮಂಡಲಿಯುಂಟು. ಹಾಗಾದರೆ ಹಳೆಯ ಸಂಗತಿಗಳನ್ನು ನೆನಪಿಟ್ಟುಕೊಳ್ಳುವವರು ಯಾರು? ಅದಕ್ಕೆ ಪ್ರಧಾನ ಕಾರ್ಯದರ್ಶಿಯಿದ್ದಾರೆ. ಚೆಸ್ಲಿ ಪೆರಿ ಎಂಬವರು 1910ರಿಂದ 1942ರವರೆಗೆ, 32 ವರ್ಷ ಕಾಲ, ಆ ಕೆಲಸ ಮಾಡಿದರು. ಮುಂದೆ ನಿಲ್ಲುವವರು ಬದಲಾದರು. ಕಾಗದಪತ್ರ ಕಾಯುವವರು ಉಳಿದರು.

ನಮ್ಮ ದೇಶಕ್ಕೆ ರೋಟರಿ ಬಂದದ್ದು 1919ರಲ್ಲಿ, ಕಲ್ಕತ್ತೆಗೆ. ಅದೇ ನಗರದ ನಿತೀಶಚಂದ್ರ ಲಾಹರಿಯವರು 1962ರಲ್ಲಿ ಇಡೀ ಸಂಸ್ಥೆಯ ಅಧ್ಯಕ್ಷರಾದರು. ಅನಂತರ ರಾಜೇಂದ್ರ ಸಾಬೂ, ಕಲ್ಯಾಣ್ ಬ್ಯಾನರ್ಜಿ, ಶೇಖರ್ ಮೆಹತಾ ಅವರೂ ಆ ಪದವಿಯಲ್ಲಿ ಕುಳಿತರು. ವರ್ಷ ತುಂಬಿದೊಡನೆ ಎದ್ದರು.

ವರ್ಷಕ್ಕೊಬ್ಬರು ಬಂದರೆ ಕೆಲಸ ಕೆಡುವುದಿಲ್ಲವೆ ಎಂದು ತಾವು ಕೇಳಬಹುದು. ಇದಕ್ಕೆ ಉತ್ತರ ಪೋಲಿಯೋ ರೋಗದ ಕಥೆಯಲ್ಲಿದೆ. 1979ರಲ್ಲಿ ಫಿಲಿಪೈನ್ಸ್ ದೇಶದ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವ ಕೆಲಸವನ್ನು ರೋಟರಿ ವಹಿಸಿಕೊಂಡಿತು. ಅಂದಿನ ಅಧ್ಯಕ್ಷ ಜೇಮ್ಸ್ ಬೋಮಾರ್ ಅವರು ಮನಿಲಾದಲ್ಲಿ ತಾವೇ ಮೊದಲ ಹನಿ ಹಾಕಿದರು. 1985ರಲ್ಲಿ ಮೆಕ್ಸಿಕೋದ ವೈದ್ಯ ಕಾರ್ಲೋಸ್ ಕ್ಯಾನ್ಸೆಕೋ ಅವರ ಅಧ್ಯಕ್ಷತೆಯ ಕಾಲದಲ್ಲಿ, ಜಗತ್ತಿನಿಂದಲೇ ಈ ರೋಗವನ್ನು ಓಡಿಸಬೇಕೆಂಬ ಸಂಕಲ್ಪವಾಯಿತು. 12 ಕೋಟಿ ಡಾಲರು ಕೂಡಿಸಬೇಕೆಂದಿದ್ದರು. 1988ರ ವೇಳೆಗೆ 24 ಕೋಟಿ 70 ಲಕ್ಷ ಕೂಡಿತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಸರ್ಕಾರಗಳು ಕೈಜೋಡಿಸಿದವು. ಆ ವರ್ಷ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಂದಿಗೆ ಈ ರೋಗ ತಗಲುತ್ತಿತ್ತು. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಬಂತು. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ರೋಗ ಇನ್ನೂ ಉಳಿದಿರುವುದರಿಂದ ಕೆಲಸವೂ ಮುಗಿದಿಲ್ಲ. 1979ರಿಂದ 2011ರೊಳಗೆ ಮೂವತ್ತಕ್ಕೂ ಹೆಚ್ಚು ಅಧ್ಯಕ್ಷರು ಬಂದುಹೋದರು. ಇದು ಹಿಂದಿನವರ ಯೋಜನೆ, ನನ್ನದು ಬೇರೆ ಎಂದು ಅವರು ಈ ಕೆಲಸವನ್ನು ಕೈಬಿಡಲಿಲ್ಲ.

ದೋಷವನ್ನೂ ಹೇಳಬೇಕು, ಹೇಳದಿದ್ದರೆ ಲೆಕ್ಕ ಒಂದೇ ಬದಿಯದಾದೀತು. ಎಂಟು ದಶಕಗಳಿಗೂ ಮಿಕ್ಕಿ ಈ ಸಂಸ್ಥೆಯಲ್ಲಿ ಸ್ತ್ರೀಯರಿಗೆ ಸದಸ್ಯತ್ವವಿರಲಿಲ್ಲ. ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಊರಿನ ಕ್ಲಬ್ಬು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಅದರ ಸನ್ನದನ್ನೇ ಕಿತ್ತುಕೊಂಡರು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1987ರಲ್ಲಿ ತೀರ್ಪು ಆ ಸಣ್ಣ ಕ್ಲಬ್ಬಿನ ಕಡೆಗಾಯಿತು. 1989ರಲ್ಲಿ ಸಂಸ್ಥೆ ತನ್ನ ನಿಯಮವನ್ನು ತಿದ್ದಿಕೊಂಡಿತು. ಮೊದಲ ಮಹಿಳಾ ಅಧ್ಯಕ್ಷೆಯಾಗಿ ಕೆನಡದ ಜೆನಿಫರ್ ಜೋನ್ಸ್ ಬಂದದ್ದು 2022ರಲ್ಲಿ. ತಡವಾಯಿತು, ಬಹಳ ತಡವಾಯಿತು.

ಸರಿ, ಇದನ್ನೆಲ್ಲ ಇಲ್ಲಿ ಹೇಳಿದ್ದೇಕೆ?

ಹೋದ ವರ್ಷದ ಸಂಗತಿ ತಮಗೆ ನೆನಪಿರಬಹುದು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ನಮ್ಮ ಮಕ್ಕಳಿಗೆ ಕೊಡತಕ್ಕ ಬಹುಮಾನದ ಹಣ ನಾಲ್ಕು ತಿಂಗಳು ತಡವಾಯಿತು. ಹಣವಿರಲಿಲ್ಲವೆಂದಲ್ಲ. ಚೆಕ್ಕಿಗೆ ರುಜು ಹಾಕತಕ್ಕ ಇಬ್ಬರು ಹಿರಿಯರಲ್ಲಿ ಒಬ್ಬರು ಊರಿಗೆ ಹೋಗಿ ಮಗನ ಮನೆಯಲ್ಲಿ ನಿಂತುಬಿಟ್ಟಿದ್ದರು. ಇನ್ನೊಬ್ಬರು ಹಾಸಿಗೆ ಹಿಡಿದಿದ್ದರು. ಠೇವಣಿ ರಸೀತಿಗಳು ಯಾವ ಪೆಟ್ಟಿಗೆಯಲ್ಲಿವೆಯೆಂಬುದು ಮೂರನೆಯವರಿಗೆ ತಿಳಿಯದು. ಕೊನೆಗೆ ನೋಡಿದರೆ ಒಂದು ಕಾಸೂ ಆಚೀಚೆಯಾಗಿರಲಿಲ್ಲ. ಅಂಥ ಪ್ರಾಮಾಣಿಕರು ಅವರು! ಇಪ್ಪತ್ತು ವರ್ಷ ತಮ್ಮ ಭಾನುವಾರಗಳನ್ನು ಸಂಘಕ್ಕೆ ಧಾರೆಯೆರೆದವರು. ತಪ್ಪು ಅವರದಲ್ಲ, ನಮ್ಮದು. ಬ್ಯಾಂಕಿನಲ್ಲಿ ದಿನವೂ ಗಿರಾಕಿಗಳಿಗೆ ನಾಮನಿರ್ದೇಶನ ಮಾಡಿರೆಂದು ಬುದ್ಧಿ ಹೇಳುವ ನಾವು, ಕೇಳಿದರೆ ಹಿರಿಯರು ನೊಂದಾರೆಂದು ಇಲ್ಲಿ ಬಾಯಿ ಮುಚ್ಚಿಕೊಂಡಿದ್ದೆವು. ಬಹುಮಾನದ ಹಣದಿಂದ ಕಾಲೇಜಿನ ಪುಸ್ತಕ ಕೊಳ್ಳಬೇಕೆಂದಿದ್ದ ಒಬ್ಬ ಹುಡುಗಿಯ ತಾಯಿ ಎರಡು ಸಲ ನಮ್ಮ ಕೌಂಟರಿಗೇ ಬಂದು ವಿಚಾರಿಸಿ ಹೋದರು. ಆ ಮುಖ ನಮಗೆ ಇನ್ನೂ ಮರೆತಿಲ್ಲ.

ಮಕ್ಕಳ ಭಾನುವಾರದ ಕನ್ನಡ ತರಗತಿಯೂ ಹೀಗೆಯೇ. ಸಮಿತಿ ಬದಲಾದಾಗಲೆಲ್ಲ ನಿಂತಿತು, ಮತ್ತೆ ಆರಂಭವಾಯಿತು, ಮತ್ತೆ ನಿಂತಿತು. ಹಬ್ಬದ ಊಟಕ್ಕೆ ಬೆಳಗಿನ ನಾಲ್ಕಕ್ಕೆ ಎದ್ದು ಅಡಿಗೆ ಮಾಡುವ ತಾಯಂದಿರು ಸಮಿತಿಯ ಪಟ್ಟಿಯಲ್ಲಿ ಎಷ್ಟು ಮಂದಿಯಿದ್ದಾರೆಂಬುದನ್ನು ತಾವೇ ಎಣಿಸಿ ನೋಡಬಹುದು.

ಆದಕಾರಣ ಬರುವ ಸರ್ವಸದಸ್ಯರ ಸಭೆಯ ಮುಂದೆ ನಾವು ಕಿರಿಯರು ನಾಲ್ಕು ಸೂಚನೆಗಳನ್ನಿಡಲಿದ್ದೇವೆ. ಪದಾಧಿಕಾರಿಗಳ ಅವಧಿ ಎರಡು ವರ್ಷಕ್ಕೆ ಮಿತವಾಗಲಿ. ಮುಂದೆ ಬರುವವರನ್ನು ಒಂದು ವರ್ಷ ಮೊದಲೇ ಆರಿಸಿ ಜೊತೆಯಲ್ಲಿ ಕೂಡಿಸಿಕೊಳ್ಳೋಣ. ಖಾತೆಗೆ ಮೂವರ ರುಜುವಿದ್ದು ಯಾವ ಇಬ್ಬರು ಹಾಕಿದರೂ ನಡೆಯಲಿ. ಮೂವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಅಧ್ಯಕ್ಷರು ಯಾರೇ ಆಗಲಿ, ಕನ್ನಡ ತರಗತಿ ಮಾತ್ರ ನಿಲ್ಲಕೂಡದೆಂದು ನಿಯಮಾವಳಿಯಲ್ಲಿ ಬರೆದಿಡೋಣ.

ಹಿರಿಯರಲ್ಲಿ ನಮ್ಮದೊಂದು ವಿನಂತಿ. ಇದು ತಮ್ಮನ್ನು ದೂರವಿಡುವ ಮಾತಲ್ಲ. ತಾವು ಕಟ್ಟಿದ ಮನೆಯ ಬೀಗದ ಕೈ ಎಲ್ಲಿದೆಯೆಂದು ತಾವಿರುವಾಗಲೇ ಮಕ್ಕಳಿಗೆ ತೋರಿಸಿಕೊಡಿರೆಂಬ ಬೇಡಿಕೆ, ಅಷ್ಟೇ. ಕುರ್ಚಿ ಬಿಟ್ಟ ಮೇಲೆಯೂ ಪೆರಿಯವರಂತೆ ಸಂಘದ ನೆನಪನ್ನು ಕಾಯತಕ್ಕವರು ತಾವೇ. ಡೊನಾಲ್ಡ್ ಕಾರ್ಟರರ ಆಕ್ಷೇಪವನ್ನು ಹ್ಯಾರಿಸರು ಕೇಳಿದಂತೆ ನಮ್ಮ ಆಕ್ಷೇಪವನ್ನೂ ತಾವು ಕೇಳುವಿರೆಂದು ನಂಬಿದ್ದೇವೆ. ತಮ್ಮ ಮನಸ್ಸಿಗೆ ನೋವಾಗುವ ಮಾತು ಬಂದಿದ್ದರೆ ಕ್ಷಮಿಸಬೇಕು. ಈ ವರ್ಷದ ಬಹುಮಾನದ ಚೆಕ್ಕುಗಳು ಸಿದ್ಧವಾಗಿವೆ. ಸಭೆ ಮುಗಿಯುವ ಮೊದಲು ಅವಕ್ಕೆ ರುಜು ಹಾಕಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.